ಕಳೆ ಎದ್ದು ಕಾಣಬೇಕು

ಗಂಡ: ಪಾಲಕ್ ಎಲ್ಲಿ ಅಂತ ಕೇಳ್ತಿದ್ದೀನಿ.

ಹೆಂಡತಿ: ಇದು ನಾಲ್ಕನೇ ಸಲ ಕೇಳ್ತಿರೋದು. ನಾಲ್ಕನೇ ಸಲಾನೂ ಅದೇ ಉತ್ತರ. ಕೊಯ್ದೆ.

ಗಂಡ: ಕೊತ್ತಂಬರಿ?

ಹೆಂಡತಿ: ಅದನ್ನೂ ಕೊಯ್ದೆ.

ಗಂಡ: ಮೂಲಂಗಿ? ಕ್ಯಾರೆಟ್ಟು? ಬೀಟ್‌ರೂಟು?

ಹೆಂಡತಿ: ಅವನ್ನ ಕೊಯ್ಯೋಕಾಗಲ್ಲ. ಕಿತ್ತೆ.

ಗಂಡ: ನಂಗೆ ತಲೆ ತಿರುಗ್ತಿದೆ.

ಹೆಂಡತಿ: ಆ ಬೋರ್ಡು ಕೆಳಗಿಡಿ. ಅದರ ಭಾರಕ್ಕೇ ಇರ್ಬೇಕು.

ಗಂಡನ ಕಂಕುಳಲ್ಲಿ ನಾಲ್ಕಡಿ ಉದ್ದದ ಹೊಸ ಬೋರ್ಡು ಇತ್ತು. ಹಸಿರು ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ ‘ನಿಸರ್ಗಸ್ನೇಹಿ ತೋಟ’ ಎಂದು ಬರೆಸಲು ಅವನು ನಿನ್ನೆ ಬೆಳಿಗ್ಗೆ ಪೇಟೆಗೆ ಹೋಗಿದ್ದ. ಬಣ್ಣ ಒಣಗಲಿ ಎಂದು ರಾತ್ರಿ ಅಕ್ಕನ ಮನೆಯಲ್ಲಿ ಉಳಿದು, ಅವಳ ಕೈಯಲ್ಲೇ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡು, ಈಗಷ್ಟೇ ಬಸ್ಸಿಳಿದು ಬಂದಿದ್ದ. ಬಿಟ್ಟು ಹೋದಾಗ ಅರ್ಧ ಎಕರೆಯಲ್ಲಿ ಇಪ್ಪತ್ತನಾಲ್ಕು ಪಾತಿ ತುಂಬ ತರಕಾರಿ ಇತ್ತು. ಈಗ ಪಾತಿಗಳು ಇದ್ದವು. ಅವುಗಳಲ್ಲಿ ಗರಿಕೆ, ಜೇಕು ಮತ್ತು ಹೆಸರೇ ಗೊತ್ತಿಲ್ಲದ ಇನ್ನೇನೇನೋ ಗಿಡಗಳು, ಮನೆಯವರು ಊರಿಗೆ ಹೋದ ಮೇಲೂ ಉಳಿದುಕೊಂಡ ನೆಂಟರ ಹಾಗೆ, ಹಾಯಾಗಿ ಗಾಳಿಗೆ ತೂಗುತ್ತಿದ್ದವು.

ಇವನು ಹುಟ್ಟಾ ತೋಟದವನಲ್ಲ. ಮೂವತ್ತು ವರ್ಷ ಫೋಟೋ ಸ್ಟುಡಿಯೋ ನಡೆಸಿದವನು. ಜನ ತಮ್ಮ ಮುಖ ತಾವೇ ತೆಗೆದುಕೊಳ್ಳಲು ಕಲಿತ ಮೇಲೆ ಸ್ಟುಡಿಯೋ ಬಾಗಿಲು ಹಾಕಿತು. ಆಮೇಲೆ ಎಲ್ಲೋ ಮೂರು ದಿನದ ತರಬೇತಿಗೆ ಹೋದ. ಅಲ್ಲಿಂದ ಒಂದು ಹತ್ತಿ ಚೀಲ, ಒಂದು ಪ್ರಮಾಣಪತ್ರ, ಮತ್ತು ಮುಗಿಯದ ಒಂದು ಭಾಷಣ ಹೊತ್ತು ಬಂದ. ಊರಂಚಿನಲ್ಲಿ ನಿವೃತ್ತ ಟೀಚರಮ್ಮನೊಬ್ಬರ ಜಾಗವಿತ್ತು. ಅದನ್ನು ಆರು ತಿಂಗಳ ಮಟ್ಟಿಗೆ ಕೇಳಿ ಪಡೆದು ತೋಟ ಮಾಡಿದ. ತೋಟ ಮಾಡಿದ ಎಂದರೆ ಅವನು ಹೇಳಿದ, ಹೆಂಡತಿ ಮಾಡಿದಳು.

ಆರು ತಿಂಗಳು ಇವತ್ತಿಗೆ ಮುಗಿಯುತ್ತದೆ. ಮುಂದಿನ ಮೂರು ವರ್ಷಕ್ಕೆ ಜಾಗ ಬೇಕೋ ಬೇಡವೋ ಎಂದು ಮಧ್ಯಾಹ್ನದೊಳಗೆ ಹೇಳಬೇಕು, ಇಲ್ಲದಿದ್ದರೆ ಕಾರು ತೊಳೆಯುವ ಅಂಗಡಿ ಇಡುವವನೊಬ್ಬ ತಮ್ಮ ಜಗುಲಿಯಲ್ಲೇ ಬಂದು ಕೂತಿದ್ದಾನೆ ಎಂದು ಟೀಚರಮ್ಮ ಹೇಳಿದ್ದರು. ಬೇಕು ಎನ್ನಲು ಒಬ್ಬ ಖಾಯಂ ಗಿರಾಕಿ ಬೇಕಿತ್ತು. ಹತ್ತು ಗಂಟೆಗೆ ಕಾರ್ಖಾನೆಯ ಕ್ಯಾಂಟೀನಿನ ಮ್ಯಾನೇಜರು ಬರುವವರಿದ್ದರು. ಮುನ್ನೂರು ಜನರಿಗೆ ಊಟ ಹಾಕುವ ಮನುಷ್ಯ. ಅವರು ಒಪ್ಪಿದರೆ ತೋಟ ಉಳಿಯುತ್ತದೆ, ಒಪ್ಪದಿದ್ದರೆ ಈ ಮಣ್ಣಿನ ಮೇಲೆ ಸಿಮೆಂಟು ಬಿದ್ದು ಸೋಪಿನ ನೀರು ಹರಿಯುತ್ತದೆ. ಈಗ ಒಂಬತ್ತೂ ಕಾಲು.

ಗಂಡ: ಯಾರು ಹೇಳಿದ್ರು ನಿಂಗೆ ಕೀಳೋಕೆ?

ಹೆಂಡತಿ: ನೀವು.

ಗಂಡ: ನಾನಾ?

ಹೆಂಡತಿ: ಪಂಪಿನ ಕೋಣೆ ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ರಲ್ಲ. ಜೋಪಾನವಾಗಿ ಇಟ್ಟಿದ್ದೀನಿ. ಓದ್ಲಾ?

ಗಂಡ: ನಾನು ಬರೆದಿದ್ದು ನಂಗೆ ಗೊತ್ತಿಲ್ವಾ?

ಹೆಂಡತಿ: ಆದ್ರೂ ಓದ್ತೀನಿ. (ಸೆರಗಿನ ತುದಿ ಬಿಚ್ಚಿ ಚೀಟಿ ತೆಗೆದು) ‘ನಾಳೆ ಹತ್ತಕ್ಕೆ ಮ್ಯಾನೇಜರು ಬರ್ತಾರೆ. ತೋಟದಲ್ಲಿ ಕಳೆ ಎದ್ದು ಕಾಣಬೇಕು. ಅದಕ್ಕೆ ಅಡ್ಡ ಬರೋದನ್ನೆಲ್ಲ ತೆಗೆದುಬಿಡು. ಅರ್ಧಂಬರ್ಧ ಮಾಡಬೇಡ.’ ಕೆಳಗೆ ನಿಮ್ಮ ಸಹಿ. ಸಹಿ ಕೆಳಗೆ ಗೆರೆ. ಕಳೆ ಎದ್ದು ಕಾಣ್ತಿದೆಯೋ ಇಲ್ವೋ ನೀವೇ ನೋಡಿ.

ಗಂಡ ನೋಡಿದ. ಎದ್ದು ಕಾಣುತ್ತಿತ್ತು. ಜೇಕು ಮೊಣಕಾಲಿನವರೆಗೆ ಎದ್ದಿತ್ತು.

ಗಂಡ: ಕಳೆ ಅಂದ್ರೆ ಈ ಕಳೆ ಅಲ್ಲ ಕಣೇ. ಕಳೆ. ಮುಖದಲ್ಲಿ ಕಳೆ ಇದೆ ಅಂತೀವಲ್ಲ, ಆ ಕಳೆ. ಲಕ್ಷಣ. ತೇಜಸ್ಸು.

ಹೆಂಡತಿ: ತೋಟಕ್ಕೆ ಮುಖ ಎಲ್ಲಿದೆ?

ಗಂಡ: ನೋಡೋ ಕಣ್ಣಿದ್ರೆ ಇರುತ್ತೆ.

ಹೆಂಡತಿ: ನೋಡಿದೆ. ಸಾಲು ಸಾಲು ನೋಡಿದೆ. ತೋಟದಲ್ಲಿ ಕಳೆ ಅಂದ್ರೆ ಇದೇ ಅಂತ ರಸ್ತೇಲಿ ಹೋಗೋರೂ ಹೇಳ್ತಾರೆ.

ಗಂಡ: ಗಿರಾಕಿ ಬರೋ ದಿನ ಬೆಳೆ ಕಿತ್ತು ಕಳೆ ಉಳಿಸ್ಕೋ ಅಂತ ಯಾವ ಬುದ್ಧಿ ಇರೋನು ಬರೀತಾನೆ?

ಹೆಂಡತಿ: ಹಾಗಂತ ನಂಗೂ ಒಂದು ಗಳಿಗೆ ಅನ್ನಿಸ್ತು. ಆಮೇಲೆ ಬರೆದಿರೋದು ಯಾರು ಅಂತ ನೋಡಿದೆ. ಅನುಮಾನ ಹೋಯ್ತು.

ಗಂಡ: ಅಂದ್ರೆ?

ಹೆಂಡತಿ: ಹೋದ ತಿಂಗಳು ನಾನು ಒಂದೇ ಒಂದು ಗರಿಕೆ ಕಿತ್ತಿದ್ದಕ್ಕೆ ಅರ್ಧ ಗಂಟೆ ಪಾಠ ಮಾಡಿದವರು ಯಾರು? ಕಳೆ ನಮ್ಮ ಮಿತ್ರ, ಕಳೆ ಮಣ್ಣಿನ ಹೊದಿಕೆ, ಕಳೆ ಇಲ್ದಿದ್ರೆ ಎರೆಹುಳಕ್ಕೆ ಬೇಜಾರಾಗುತ್ತೆ. ಕಿತ್ತ ಗರಿಕೇನ ವಾಪಸ್ ನೆಡಿಸಿದ್ರಿ. ನೀರು ಬೇರೆ ಹಾಕಿಸಿದ್ರಿ.

ಗಂಡ: ಅದು ತತ್ವದ ಪ್ರಶ್ನೆ.

ಹೆಂಡತಿ: ಸೊಂಟ ನಂದು, ತತ್ವ ನಿಮ್ಮದು.

ಗಂಡ ಬೋರ್ಡನ್ನು ಬೇಲಿಗೆ ಒರಗಿಸಿದ. ಅದು ಜಾರಿ ಬಿತ್ತು. ಮತ್ತೆ ಒರಗಿಸಿದ. ಈ ಜಗಳದಲ್ಲಿ ಮಾತು ತನ್ನ ಕೈ ಮೀರುತ್ತಿದೆ ಎಂದು ಅವನಿಗೆ ಅನ್ನಿಸತೊಡಗಿತ್ತು. ಹಾಗೆ ಅನ್ನಿಸಿದಾಗಲೆಲ್ಲ ಅವನು ದನಿ ಏರಿಸುವ ಬದಲು ಮಾತಿನ ಗಾತ್ರ ಏರಿಸುತ್ತಿದ್ದ.

ಗಂಡ: ಒಂದು ಹಸಿರು ಕಾವ್ಯವನ್ನ ನೀನು ಬುಡಸಮೇತ ನಾಶ ಮಾಡಿದ್ದೀಯ. ನನ್ನ ಬುಡಕ್ಕೇ ಕೊಡಲಿ ಹಾಕಿದ್ದೀಯ.

ಹೆಂಡತಿ: ಕೊಡಲಿ ಅಲ್ಲ, ಕುಡುಗೋಲು. ಬುಡಕ್ಕೂ ಅಲ್ಲ, ಬುಡದಿಂದ ಎರಡು ಬೆರಳು ಮೇಲೆ. ಪಾಲಕ್ ಹಾಗೆ ಕೊಯ್ದ್ರೆ ಮತ್ತೆ ಚಿಗುರುತ್ತೆ.

ಗಂಡ: ನಿನ್ನೆ ತನಕ ಎಷ್ಟು ತುಂಬಿಕೊಂಡಿತ್ತು ತೋಟ.

ಹೆಂಡತಿ: ತುಂಬಿಕೊಂಡಿತ್ತು, ನಿಜ. ಯಾಕೆ ಅಂದ್ರೆ ನೀವು ಕೊಯ್ಯೋಕೇ ಬಿಡಲಿಲ್ಲ. ಬೀನ್ಸ್ ಎಳಸಾಗಿದ್ದಾಗ ಕೀಳ್ತೀನಿ ಅಂದೆ. ‘ಬೇಡ, ಸಾಲು ಬೋಳಾಗುತ್ತೆ’ ಅಂದ್ರಿ. ಬಲಿತಾಗ ಕೀಳ್ತೀನಿ ಅಂದೆ. ‘ಬೆಳಕು ಚೆನ್ನಾಗಿ ಬೀಳ್ತಿದೆ, ಎರಡು ದಿನ ತಡಿ’ ಅಂದ್ರಿ. ಎರಡು ದಿನ ಆದ್ಮೇಲೆ ಅದು ಬೀನ್ಸ್ ಆಗಿರ್ಲಿಲ್ಲ, ಹಗ್ಗ ಆಗಿತ್ತು.

ಗಂಡ: ಆ ಬೀನ್ಸ್ ಫೋಟೋ ಎಷ್ಟು ಜನ ಮೆಚ್ಚಿದ್ರು ಗೊತ್ತಾ?

ಹೆಂಡತಿ: ಎಷ್ಟು ಜನ ತಿಂದ್ರು?

ಗಂಡ: ಎಲ್ಲದನ್ನೂ ಹೊಟ್ಟೆಯಿಂದ ನೋಡಬಾರದು.

ಹೆಂಡತಿ: ಎಲೆಕೋಸಿಗೆ ಹುಳ ಬಿದ್ದಾಗ ಆರಿಸಿ ತೆಗೀತೀನಿ ಅಂತ ಕೂತೆ. ‘ನಿಲ್ಲು, ಹುಳ ಚೆನ್ನಾಗಿ ಈ ಕಡೆ ತಿರುಗಿದೆ’ ಅಂತ ಕ್ಯಾಮೆರಾ ತಂದ್ರಿ. ಅದು ಕೋಸು ತಿಂದು ಮುಗಿಸೋ ತನಕ ತೆಗೆದ್ರಿ. ಆ ಹುಳ ಒಂದೇ ಈ ತೋಟದಲ್ಲಿ ಹೊಟ್ಟೆತುಂಬ ಉಂಡಿರೋದು.

ಗಂಡ: ನಿಸರ್ಗದಲ್ಲಿ ಪ್ರತಿ ಜೀವಿಗೂ ಪಾಲಿದೆ.

ಹೆಂಡತಿ: ಇದೆ. ನಮ್ಮನ್ನೂ ಜೀವಿ ಅಂತ ಲೆಕ್ಕಕ್ಕೆ ಹಿಡೀರಿ ಅಂತಿದ್ದೀನಿ.

ಗಂಡ: ಈ ಮನೇಲಿ ನನ್ನ ಮಾತಿಗೆ ಯಾವತ್ತಾದ್ರೂ ಯಾರಾದ್ರೂ ಸೊಪ್ಪು ಹಾಕಿದ್ದಾರಾ?

ಹೆಂಡತಿ: ಹಾಕಿದ್ದೀನಲ್ಲ. ಅಲ್ಲಿ ನೋಡಿ, ಒಂದು ಗಾಡಿ ಆಗೋವಷ್ಟು ಹಾಕಿದ್ದೀನಿ.

ಅವಳು ಪಂಪಿನ ಕೋಣೆಯ ನೆರಳಿನತ್ತ ಕೈ ತೋರಿಸಿದಳು. ಅಲ್ಲಿ ಒದ್ದೆ ಗೋಣಿಚೀಲ ಹೊದೆಸಿದ ರಾಶಿಗಳಿದ್ದವು. ಪಾಲಕ್ ಕಟ್ಟು ಕಟ್ಟಾಗಿ ಬಾಳೆನಾರು ಬಿಗಿದು ಕುಳಿತಿತ್ತು. ಕೊತ್ತಂಬರಿಯ ಬೇರು ತೊಳೆದು ಬೆಳ್ಳಗಾಗಿತ್ತು. ಕ್ಯಾರೆಟ್ಟು ಒಂದು ಬುಟ್ಟಿ, ಬೀಟ್‌ರೂಟು ಒಂದು ಬುಟ್ಟಿ, ಟೊಮೇಟೊ ಹಣ್ಣು ಬೇರೆ, ದೋರೆಗಾಯಿ ಬೇರೆ. ಇಷ್ಟು ಕೆಲಸ ಒಂದು ಹಗಲಲ್ಲಿ ಒಬ್ಬಳೇ ಮಾಡಿದ್ದಳು. ಗಂಡನ ಕಣ್ಣಿಗೆ ಅದು ಬಿದ್ದರೂ ಮನಸ್ಸಿಗೆ ಇಳಿಯಲಿಲ್ಲ.

ಗಂಡ: ಕೊಯ್ದಿಟ್ಟ ಸೊಪ್ಪು ಯಾವ ಅಂಗಡೀಲಾದ್ರೂ ಸಿಗುತ್ತೆ. ಅವರು ಬರ್ತಿರೋದು ತೋಟ ನೋಡೋಕೆ.

ಹೆಂಡತಿ: ಕ್ಯಾಂಟೀನ್‌ನವರು ತೋಟ ನೋಡಿ ಏನ್ ಮಾಡ್ತಾರೆ? ತಟ್ಟೆಗೆ ನೋಟ ಬಡಿಸ್ತಾರಾ?

ಗಂಡ: ನಿನ್ ಜೊತೆ ಮಾತಾಡಿ ಪ್ರಯೋಜನ ಇಲ್ಲ.

ಹೆಂಡತಿ: ಹಾಗಾದ್ರೆ ಆ ಗೋಣಿಗೆ ನೀರು ಚಿಮುಕಿಸಿ. ಬಿಸಿಲು ಬಂತು.

ಗಂಡ ನೀರು ಚಿಮುಕಿಸಲಿಲ್ಲ. ಗೊಬ್ಬರದ ಗುಂಡಿಯ ಕಡೆಗೆ ಹೆಜ್ಜೆ ಹಾಕಿದ. ಮ್ಯಾನೇಜರು ಬಂದು ಈ ಜೇಕು ನೋಡಿ ನಗುವುದು, ಅದು ಕಾರ್ಖಾನೆಯಲ್ಲೆಲ್ಲ ಹರಡುವುದು, ಮೂವತ್ತು ವರ್ಷ ಊರಿನವರ ತಲೆ ಎಡಕ್ಕೆ ಬಲಕ್ಕೆ ತಿರುಗಿಸಿದವನನ್ನು ಜನ ತಲೆ ತಿರುಗಿಸಿ ನೋಡುವುದು, ಎಲ್ಲವೂ ಅವನ ಕಣ್ಣೆದುರು ಬಂತು. ಸ್ಟುಡಿಯೋ ಹೋದ ಮೇಲೆ ಅವನ ಪಾಲಿಗೆ ‘ನಂದು’ ಎನ್ನಲು ಉಳಿದದ್ದು ಈ ಅರ್ಧ ಎಕರೆ ಮಾತ್ರ. ಅದು ಬೇರೆಯವರು ಬೇಡ ಎಂದು ಹೋಗುವುದಕ್ಕಿಂತ ತಾನೇ ಬಿಟ್ಟೆ ಎಂದರೆ ಮಾನವಾದರೂ ಉಳಿಯುತ್ತದೆ ಎಂದು ಅವನ ತಲೆಗೆ ಹೊಳೆಯಿತು. ‘ತೋಟ ನೋಡ್ಬೇಕಿತ್ತು ಸಾರ್, ಆದ್ರೆ ಜಾಗ ಬಿಟ್ಟುಕೊಟ್ಟೆ’ ಎಂದು ಗೇಟಿನಲ್ಲೇ ಹೇಳಿ ಮ್ಯಾನೇಜರನ್ನು ಕಳಿಸಿಬಿಡಬಹುದು. ಅವನು ಗುಂಡಿಯ ಮರೆಯಲ್ಲಿ ಮೂಗು ಮುಚ್ಚಿಕೊಂಡು ಟೀಚರಮ್ಮನಿಗೆ ಫೋನು ಮಾಡಿದ.

ಟೀಚರಮ್ಮ: ಹಲೋ. ಗಟ್ಟಿಯಾಗಿ ಮಾತಾಡಿ.

ಗಂಡ: ಗಟ್ಟಿಯಾಗಿ ಆಗಲ್ಲ ಮೇಡಂ. ಮನೆಯವಳು ಹತ್ತಿರದಲ್ಲೇ ಇದ್ದಾಳೆ.

ಟೀಚರಮ್ಮ: ನೆಗಡಿನಾ?

ಗಂಡ: ಗೊಬ್ಬರ. ಮೇಡಂ, ನಾನು ಬಿಡ್ತಿದ್ದೀನಿ.

ಟೀಚರಮ್ಮ: ಮನೆಯವಳನ್ನಾ?

ಗಂಡ: ಅಯ್ಯೋ, ಅಲ್ಲ ಮೇಡಂ.

ಟೀಚರಮ್ಮ: ಮತ್ತೆ ಪೂರ್ತಿ ವಾಕ್ಯದಲ್ಲಿ ಹೇಳಿ. ಕರ್ತೃ, ಕರ್ಮ, ಕ್ರಿಯಾಪದ ಮೂರೂ ಇರ್ಲಿ. ಅರ್ಧ ಊರಿನ ತೊಂದರೆ ಎಲ್ಲ ಕರ್ಮ ಬಿಟ್ಟು ಮಾತಾಡೋದ್ರಿಂದಾನೇ ಆಗೋದು.

ಗಂಡ: ನಾನು ನಿಮ್ಮ ಜಾಗವನ್ನು ಬಿಟ್ಟುಕೊಡುತ್ತೇನೆ.

ಟೀಚರಮ್ಮ: ಈಗ ಸರಿಯಾಯ್ತು. ಹಾಗಾದ್ರೆ ಬೇರೆಯವರು ಕೇಳಿದ್ರೆ ಕೊಡಬಹುದು?

ಗಂಡ: ಧಾರಾಳವಾಗಿ ಕೊಡಿ.

ಟೀಚರಮ್ಮ: ಆಮೇಲೆ ಮಾತು ತಿರುಗಿಸೋ ಹಾಗಿಲ್ಲ.

ಗಂಡ: ಇಲ್ಲ ಮೇಡಂ.

ಫೋನು ಜೇಬಿಗೆ ಹಾಕಿಕೊಂಡು ಮರೆಯಿಂದ ಹೊರಬರುವ ಹೊತ್ತಿಗೆ ಗೇಟಿನ ಹೊರಗೆ ಸಣ್ಣ ಗೂಡ್ಸ್ ಗಾಡಿ ಬಂದು ನಿಂತಿತ್ತು. ಮ್ಯಾನೇಜರು ಅರ್ಧ ಗಂಟೆ ಮುಂಚೆಯೇ ಬಂದಿದ್ದರು. ದಪ್ಪನೆಯ ಮನುಷ್ಯ, ಕಿವಿಸಂದಿಯಲ್ಲಿ ಪೆನ್ಸಿಲು. ಗೇಟಿನಲ್ಲೇ ಹೇಳಿ ಕಳಿಸಲು ಹೊತ್ತು ಮೀರಿತ್ತು, ಏಕೆಂದರೆ ಅವರಾಗಲೇ ಗೇಟು ದಾಟಿ ಮೊದಲನೇ ಪಾತಿಯ ಮುಂದೆ ನಿಂತಿದ್ದರು. ಅದೇ ಹೊತ್ತಿಗೆ ಹೆಂಡತಿಯ ಫೋನು ಬಡಿದುಕೊಂಡಿತು. ಅವಳು ಹಣ್ಣು ಕಿತ್ತ ಟೊಮೇಟೊ ಸಾಲಿನ ಆಚೆಗೆ ಹೋಗಿ ಎರಡು ಮಾತಾಡಿ ಬಂದಳು. ಅವಳ ತಂಗಿ ಈ ಹೊತ್ತಿಗೇ ಫೋನು ಮಾಡುವುದು ರೂಢಿ, ಗಂಡ ಅತ್ತ ಗಮನ ಕೊಡಲಿಲ್ಲ. ಅವನ ಗಮನವೆಲ್ಲ ಜೇಕಿನ ಮೇಲಿದ್ದ ಮ್ಯಾನೇಜರರ ಕಣ್ಣಿನ ಮೇಲಿತ್ತು.

ಮ್ಯಾನೇಜರು: ಇದೇನಾ ತೋಟ?

ಗಂಡ: (ಭಾಷಣ ತಾನಾಗಿಯೇ ಹೊರಟಿತು) ಇದು ನೀವು ಬೇರೆ ಕಡೆ ನೋಡೋ ಮಾಮೂಲಿ ತೋಟ ಅಲ್ಲ ಸಾರ್. ಇಲ್ಲಿ ಮಣ್ಣು ವಿಶ್ರಾಂತಿ ತಗೊಳ್ತಿದೆ. ಉಸಿರಾಡ್ತಿದೆ. ತನಗೆ ಏನು ಬೇಕು ಅಂತ ತಾನೇ ಯೋಚನೆ ಮಾಡ್ತಿದೆ.

ಮ್ಯಾನೇಜರು: ಎಷ್ಟು ದಿನ ಯೋಚನೆ ಮಾಡುತ್ತೆ?

ಗಂಡ: ನಿಸರ್ಗಕ್ಕೆ ಗಡಿಯಾರ ಇಲ್ಲ.

ಮ್ಯಾನೇಜರು: ನಮ್ಮ ಕ್ಯಾಂಟೀನಿಗೆ ಇದೆ. ಹನ್ನೆರಡೂವರೆಗೆ ಸೈರನ್ ಆಗುತ್ತೆ.

ಗಂಡ: ಈ ಗಿಡಗಳನ್ನ ನೀವು ತಪ್ಪು ತಿಳ್ಕೋಬಾರದು. ಇವು ಕಳೆ ಅಲ್ಲ. ಅಂದ್ರೆ ಕಳೇನೇ. ಆದ್ರೆ ಕಳೆಯ ಒಳಗೊಂದು ಕಳೆ ಇದೆ.

ಮ್ಯಾನೇಜರು: (ಹೆಂಡತಿಯ ಕಡೆ ತಿರುಗಿ) ಇವರು ಏನ್ ಹೇಳ್ತಿದ್ದಾರಮ್ಮಾ?

ಹೆಂಡತಿ: ಖಾಲಿ ಆಗಿದೆ ಅಂತ.

ಮ್ಯಾನೇಜರು: ಹಾಗೆ ಹೇಳಿದ್ರೆ ಆಯ್ತಲ್ಲ. ಚೆನ್ನಾಗಿ ಖಾಲಿ ಮಾಡಿದ್ದೀರಿ.

ಗಂಡ: ಚೆನ್ನಾಗಿ?

ಮ್ಯಾನೇಜರು: ಮತ್ತಿನ್ನೇನು ಸಾರ್. ಹದಿನೈದು ದಿನದ ಹಿಂದೆ ಈ ರಸ್ತೇಲಿ ಹೋಗ್ತಾ ನಿಮ್ಮ ಬೀನ್ಸ್ ನೋಡಿದೆ. ಗಿಡದಲ್ಲೇ ಬಲಿತು ನೇತಾಡ್ತಿತ್ತು. ಪಾಲಕ್ ಹೂ ಬಿಡೋಕೆ ಹೊರಟಿತ್ತು. ಬೆಳೆಯೋಕೆ ಬರುತ್ತೆ, ಕೊಯ್ಯೋಕೆ ಬರಲ್ಲ, ಇಂಥವರ ಸಹವಾಸ ಬೇಡ ಅಂದ್ಕೊಂಡೆ. ನೀವು ಬುಧವಾರ ಬನ್ನಿ ಅಂದಾಗ ಹೂಂ ಅಂದಿದ್ದು ಬರೀ ಬಾಯಿಮಾತಿಗೆ. ಅಮ್ಮಾವ್ರು ಮೊನ್ನೆ ಫೋನ್ ಮಾಡಿ, ‘ಬುಧವಾರ ಗಾಡೀನೇ ತಗೊಂಡು ಬನ್ನಿ, ಕೊಯ್ದು ತೊಳೆದು ಇಟ್ಟಿರ್ತೀನಿ’ ಅಂದ್ರು. ಅದಕ್ಕೇ ಬಂದೆ.

ಗಂಡ: ಮೊನ್ನೆಯಾ?

ಮ್ಯಾನೇಜರು: ಮೊನ್ನೆ ಸಾಯಂಕಾಲ.

ಗಂಡ ಮನಸ್ಸಿನಲ್ಲೇ ಕೂಡಿ ಕಳೆದ. ಚೀಟಿ ಬರೆದದ್ದು ನಿನ್ನೆ ಬೆಳಿಗ್ಗೆ. ಅವನು ಹೆಂಡತಿಯ ಕಡೆ ನೋಡಿದ. ಅವಳು ಗೋಣಿಯ ಮೇಲಿನ ಒಂದು ಇರುವೆಯನ್ನು ಬಹಳ ಶ್ರದ್ಧೆಯಿಂದ ಊದಿ ಓಡಿಸುತ್ತಿದ್ದಳು.

ಗಂಡ: (ಹತ್ತಿರ ಹೋಗಿ, ಪಿಸುದನಿಯಲ್ಲಿ) ಹಾಗಾದ್ರೆ ಚೀಟಿ ನಿಂಗೆ ಸರಿಯಾಗೇ ಅರ್ಥ ಆಗಿತ್ತು.

ಹೆಂಡತಿ: ಮೂವತ್ತು ವರ್ಷ ಸ್ಟುಡಿಯೋ ಕೌಂಟರಿನಲ್ಲಿ ಕೂತಿದ್ದೀನಿ. ಒಳಗೆ ನೀವು ‘ಕಳೆ ಬರಲಿ, ಸ್ವಲ್ಪ ಕಳೆ ಬರಲಿ’ ಅಂತ ಜನರ ಗಲ್ಲ ಎತ್ತೋದು ದಿನಕ್ಕೆ ನೂರು ಸಲ ಕೇಳಿದ್ದೀನಿ. ಅರ್ಥ ಆಗದೆ ಏನು.

ಗಂಡ: ಮತ್ತೆ ಯಾಕೆ ಹೀಗೆ ಮಾಡಿದೆ?

ಹೆಂಡತಿ: ನೀವು ಚೀಟಿ ಬರೀದಿದ್ರೂ ಕೊಯ್ತಿದ್ದೆ. ಬರೆದಿದ್ರಿಂದ ಜಗಳಕ್ಕೆ ಒಂದು ಆಧಾರ ಸಿಕ್ತು.

ಮ್ಯಾನೇಜರು ಅಷ್ಟರಲ್ಲಿ ಗೋಣಿ ಎತ್ತಿ ನೋಡುತ್ತಿದ್ದರು. ಒಂದು ಕ್ಯಾರೆಟ್ಟು ಮುರಿದು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದನ್ನೂ ಮುರಿದರು. ತಿನ್ನುವ ಸಾಮಾನಿನ ಬಗ್ಗೆ ಮಾತಾಡದೆ ತಿಂದು ನೋಡುವವರು ಕಮ್ಮಿ, ಇವರು ಅಂಥವರು. ಪಾಲಕ್ ಕಟ್ಟೊಂದನ್ನು ಬೆಳಕಿಗೆ ಹಿಡಿದರು.

ಮ್ಯಾನೇಜರು: ಎಲೆಯಲ್ಲಿ ತೂತಿದೆ.

ಗಂಡ: ಅದು ನಿಸರ್ಗದ ಸಹಿ ಸಾರ್.

ಮ್ಯಾನೇಜರು: ಒಂದೆರಡು ಸಹಿ ಇರ್ಲಿ. ಅರ್ಜಿ ತುಂಬ ಸಹಿ ಬೇಡ.

ಹೆಂಡತಿ: ಬೆಳಕು ಹರಿಯೋ ಹೊತ್ತಿಗೆ ಹುಳ ಆರಿಸ್ತೀನಿ. ತಪ್ಪಿಸಿಕೊಂಡಿದ್ದು ತೂತು ಮಾಡುತ್ತೆ. ಔಷಧ ಮಾತ್ರ ಹೊಡೆಯಲ್ಲ.

ಮ್ಯಾನೇಜರು: ಹೊಡೀಬೇಡಿ. ನಮ್ಮ ಜನಕ್ಕೆ ಹೊಟ್ಟೆ ಕೆಟ್ರೆ ಮೊದಲು ಕೇಳೋದು ನನ್ನನ್ನ. ಸರಿ, ಇದಿಷ್ಟೂ ಗಾಡಿಗೆ ಹಾಕ್ತೀನಿ. ಆದ್ರೆ ನಂಗೆ ಇದು ಇವತ್ತು ಬಂದು ನಾಳೆ ಇಲ್ಲ ಅಂದ್ರೆ ಆಗಲ್ಲ. ವಾರಕ್ಕೆ ಮೂರು ದಿನ ಬೇಕು. ಇಲ್ಲಿ ನೋಡಿದ್ರೆ ಹುಲ್ಲು ಬಿಟ್ರೆ ಏನಿಲ್ಲ.

ಗಂಡ: ಅದನ್ನೇ ನಾನೂ ಬೆಳಿಗ್ಗೆಯಿಂದ ಕೇಳ್ತಿರೋದು.

ಹೆಂಡತಿ ಹಿಂದಿನ ಬೇಲಿಯತ್ತ ನಡೆದಳು. ಅಲ್ಲಿ ಬೇರೆ ಎಂಟು ಪಾತಿಗಳ ಮೇಲೆ ಒಣಹುಲ್ಲು ಹರಡಿತ್ತು. ಆ ಪಾತಿಗಳು ಸುಮ್ಮನೆ ಮಲಗಿವೆ ಎಂದು ಗಂಡ ತಿಳಿದಿದ್ದ, ‘ವಿರಮಿಸುತ್ತಿರುವ ಭೂಮಿ’ ಎಂದು ಅವುಗಳ ಫೋಟೋ ಕೂಡ ತೆಗೆದಿದ್ದ. ಅವಳು ಮೊದಲ ಪಾತಿಯ ಹುಲ್ಲು ಸರಿಸಿದಳು. ಕೆಳಗೆ ಬೆರಳುದ್ದದ ಮೂಲಂಗಿ ಸಸಿ. ಎರಡನೆಯದರಲ್ಲಿ ಅದಕ್ಕಿಂತ ಚಿಕ್ಕ ಪಾಲಕ್. ಮೂರನೆಯದರಲ್ಲಿ ಮಣ್ಣು ಸೀಳಿ ಆಗತಾನೆ ತಲೆ ಎತ್ತಿದ ಕೊತ್ತಂಬರಿ.

ಹೆಂಡತಿ: ವಾರಕ್ಕೊಂದು ಪಾತಿ ಬಿತ್ತುತ್ತಾ ಬಂದಿದ್ದೀನಿ. ಒಂದು ಕೊಯ್ಯೋ ಹೊತ್ತಿಗೆ ಇನ್ನೊಂದು ಬರುತ್ತೆ. ಇದು ಬರೋ ತನಕ ಕೊಯ್ದ ಪಾಲಕ್ ಚಿಗುರಿರುತ್ತೆ. ಆ ಜೇಕು ಗರಿಕೆ ಎಲ್ಲ ನಾಳೆ ಕೊಯ್ದು ಅಲ್ಲೇ ಹೊದಿಕೆ ಹಾಕ್ತೀನಿ. ಮಿತ್ರನಾದವನು ಅಷ್ಟಾದ್ರೂ ಕೆಲಸಕ್ಕೆ ಬರ್ಲಿ.

ಮ್ಯಾನೇಜರು: (ಕಿವಿಯ ಪೆನ್ಸಿಲು ತೆಗೆದು ಬರೆದುಕೊಳ್ಳುತ್ತಾ) ಸೋಮ, ಬುಧ, ಶುಕ್ರ. ಬೆಳಿಗ್ಗೆ ಏಳಕ್ಕೆ ಗಾಡಿ. ಬೆಳೆ ಇರೋ ತನಕ ನಾನು ಬೇರೆ ಕಡೆ ಹೋಗಲ್ಲ, ನೀವೂ ಬೇರೆಯವರಿಗೆ ಕೊಡಬೇಡಿ. ಯಾರ ಹೆಸರು ಬರ್ಕೊಳ್ಲಿ?

ಗಂಡ: (ಗಂಟಲು ಸರಿಮಾಡಿಕೊಂಡು) ತೋಟ ನಂದು ಸಾರ್.

ಹೇಳಿದ ಕೂಡಲೇ ಅವನಿಗೆ ನೆನಪಾಯಿತು. ತೋಟ ಅವನದಾಗಿರಲಿಲ್ಲ. ಕಾಲು ಗಂಟೆಯ ಹಿಂದೆ, ಕರ್ತೃ ಕರ್ಮ ಕ್ರಿಯಾಪದ ಸಮೇತ, ಅವನೇ ಬಿಟ್ಟುಕೊಟ್ಟಿದ್ದ.

ಗಂಡ: ಒಂದು ನಿಮಿಷ ಸಾರ್. ಗೊಬ್ಬರ ನೋಡಿ ಬರ್ತೀನಿ.

ಮ್ಯಾನೇಜರು: ಈಗ್ಯಾಕೆ?

ಹೆಂಡತಿ: ಬಿಡಿ, ಅವರಿಗೆ ಅದರ ಮೇಲೆ ಪ್ರಾಣ.

ಗಂಡ ಗುಂಡಿಯ ಮರೆಗೆ ಓಡಿದ. ಈ ಸಲ ಮೂಗು ಮುಚ್ಚಿಕೊಳ್ಳಲೂ ಮರೆತ.

ಗಂಡ: ಮೇಡಂ, ನಾನು ಆಗ ಹೇಳಿದ ವಾಕ್ಯ ವಾಪಸ್ ತಗೊಳ್ತೀನಿ.

ಟೀಚರಮ್ಮ: ಕ್ರಿಯಾಪದ ಬಂದ ಮೇಲೆ ವಾಕ್ಯ ಮುಗೀತು. ಪೂರ್ಣವಿರಾಮ.

ಗಂಡ: ದಯವಿಟ್ಟು ಮೇಡಂ. ತೋಟಕ್ಕೆ ಗಿರಾಕಿ ಸಿಕ್ಕಿದ್ದಾರೆ.

ಟೀಚರಮ್ಮ: ತೋಟಕ್ಕೆ ಯಜಮಾನರೂ ಸಿಕ್ಕಿದ್ದಾರೆ. ಮೂರು ವರ್ಷಕ್ಕೆ ಮಾತಾಗಿದೆ. ಮಧ್ಯಾಹ್ನ ಕಾಗದಕ್ಕೆ ಸಹಿ.

ಗಂಡ: ಕಾರು ತೊಳೆಯೋನಾ?

ಟೀಚರಮ್ಮ: ಯಾರು ಅಂತ ಹೇಳಬಾರದು ಅಂದಿದ್ದಾರೆ. ಒಳ್ಳೆ ಮನುಷ್ಯರು. ಪೂರ್ತಿ ವಾಕ್ಯದಲ್ಲಿ ಮಾತಾಡ್ತಾರೆ.

ಫೋನು ಇಟ್ಟ ಸದ್ದಾಯಿತು. ಗಂಡ ಗುಂಡಿಯ ಕಟ್ಟೆಯ ಮೇಲೆ ಇಸ್ತ್ರಿ ಅಂಗಿಯ ಚಿಂತೆಯಿಲ್ಲದೆ ಕುಳಿತ. ಗೇಟಿನಾಚೆ ಗಾಡಿಗೆ ಬುಟ್ಟಿ ಏರಿಸುವ ಸದ್ದು, ಆಮೇಲೆ ಗಾಡಿ ಹೋದ ಸದ್ದು ಕೇಳಿಸಿತು. ಆರು ತಿಂಗಳಲ್ಲಿ ಮೊದಲ ಸಲ ತೋಟದ ತರಕಾರಿ ಯಾರದೋ ಊಟಕ್ಕೆ ಹೊರಟಿತ್ತು, ಮತ್ತು ಅವನು ಅದರ ಒಂದು ಫೋಟೋ ಸಹ ತೆಗೆದಿರಲಿಲ್ಲ. ಅವನಿಗೆ ಅಳು ಬರುವ ಹಾಗಾಯಿತು. ಫೋಟೋಗಾಗಿ ಅಲ್ಲ, ಹುಲ್ಲಿನ ಕೆಳಗಿದ್ದ ಆ ಕೊತ್ತಂಬರಿ ಮೊಳಕೆಗಾಗಿ. ಅದು ಅಲ್ಲಿದೆ ಎಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಹೆಂಡತಿ ಕೈ ಒರೆಸಿಕೊಳ್ಳುತ್ತಾ ಬಂದಳು.

ಹೆಂಡತಿ: ಯಾಕ್ರೀ, ಇಲ್ಲಿ ಕೂತ್ರಿ?

ಗಂಡ: ಒಂದು ತಪ್ಪಾಗಿದೆ ಕಣೇ.

ಹೆಂಡತಿ: ಒಂದೇ ಆಗಿದ್ರೆ ಹೇಳಿ, ಕೇಳ್ತೀನಿ.

ಗಂಡ: ಜಾಗ ಬಿಟ್ಟುಕೊಟ್ಟೆ. ಟೀಚರಮ್ಮಂಗೆ ಫೋನ್ ಮಾಡಿ ನಾನೇ ಹೇಳಿದೆ. ಮ್ಯಾನೇಜರು ಬೇಡ ಅಂದು ಮಾನ ಹೋಗೋದಕ್ಕಿಂತ ನಾನೇ ಬಿಟ್ಟೆ ಅಂದ್ರೆ ಮೇಲು ಅಂದ್ಕೊಂಡೆ. ಈಗ ಬೇರೆ ಯಾರಿಗೋ ಕೊಟ್ಟಾಯ್ತಂತೆ.

ಹೆಂಡತಿ: ನನ್ನನ್ನ ಒಂದು ಮಾತು ಕೇಳಲಿಲ್ಲ.

ಗಂಡ: ಇಲ್ಲ.

ಹೆಂಡತಿ: ಆರು ತಿಂಗಳು ನೀರು ಹೊತ್ತವಳು ನಾನು. ಈ ಮಣ್ಣು ಮೊದಲು ಸಲಿಕೆಗೆ ಬಗ್ಗುತ್ತಿರಲಿಲ್ಲ, ಈಗ ಬೆರಳಿಗೆ ಬಗ್ಗುತ್ತೆ. ನಂಗೆ ಇದು ಎಷ್ಟು ಹಿಡಿಸಿದೆ ಅಂತ ಒಂದು ದಿನಾನೂ ಕೇಳಲಿಲ್ಲ ನೀವು.

ಗಂಡ: ಇಲ್ಲ. ತಪ್ಪು ನಂದೇ.

ಮೂವತ್ತೆರಡು ವರ್ಷದ ಸಂಸಾರದಲ್ಲಿ ಈ ಎರಡು ಪದ ಅವನ ಬಾಯಿಂದ ಒಟ್ಟಿಗೆ ಬಂದದ್ದನ್ನು ಅವಳು ಕೇಳಿರಲಿಲ್ಲ. ಅವಳು ಅವನ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತಳು. ಅವನನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಬಿಡುವ ಆಸೆ ಅವಳಿಗಿತ್ತು. ಆದರೆ ಬಿಸಿಲು ಏರುತ್ತಿತ್ತು, ಕೆಲಸ ಬಾಕಿಯಿತ್ತು.

ಹೆಂಡತಿ: ಮ್ಯಾನೇಜರು ಬಂದಾಗ ನಂಗೊಂದು ಫೋನ್ ಬಂತಲ್ಲ.

ಗಂಡ: ನಿನ್ನ ತಂಗಿ.

ಹೆಂಡತಿ: ಟೀಚರಮ್ಮ. ‘ನಿಮ್ಮ ಯಜಮಾನರು ಜಾಗವನ್ನು ಬಿಟ್ಟುಕೊಟ್ಟಿದ್ದಾರೆ, ನಿಮಗೆ ತಿಳಿದಿದೆಯೇ’ ಅಂತ ಕೇಳಿದ್ರು. ಈಗ ತಿಳೀತು ಅಂದೆ. ಬೇರೆಯವರಿಗೆ ಕೊಡಬಹುದಾ ಅಂದ್ರು. ಧಾರಾಳವಾಗಿ ಕೊಡಿ ಅಂದೆ.

ಗಂಡ: ನೀನೂ ಹಾಗೇ ಅಂದ್ಯಾ? ಯಾರಿಗೆ?

ಹೆಂಡತಿ: ನಂಗೆ.

ಗಂಡ ಕಟ್ಟೆಯಿಂದ ಎದ್ದು ನಿಂತ. ಅಂಗಿಗೆ ಅಂಟಿದ ಗೊಬ್ಬರ ಕೊಡವಿಕೊಂಡ.

ಗಂಡ: ಅಬ್ಬ. ಹಾಗಾದ್ರೆ ತೋಟ ಎಲ್ಲೂ ಹೋಗಲಿಲ್ಲ. ನಮ್ಮದೇ.

ಹೆಂಡತಿ: ಕಾಗದದಲ್ಲಿ ಒಂದೇ ಹೆಸರು.

ಗಂಡ: ನಿಂದಾದ್ರೇನು ನಂದಾದ್ರೇನು, ಎರಡೂ ಒಂದೇ ಅಲ್ವಾ?

ಹೆಂಡತಿ: ನಿಮ್ಮದಾಗಿದ್ದಾಗ ಒಂದೇ ಆಗಿರ್ಲಿಲ್ಲ. ಈಗ ಹೇಗಾಯ್ತು?

ಗಂಡ: ಅಂದ್ರೆ ನಾಳೆಯಿಂದ ನೀನು ಹೇಳೋದು, ನಾನು ಮಾಡೋದು. ನಾನೀಗ ನಿನ್ನ ಕೂಲಿಯವನು ಅಂತಾಯ್ತು.

ಹೆಂಡತಿ: ಅಷ್ಟು ಬೇಗ ಎಲ್ಲಾಗುತ್ತೆ. ಕೂಲಿಯವ್ರಿಗೆ ಕೆಲಸ ಗೊತ್ತಿರ್ಬೇಕು. ಸದ್ಯಕ್ಕೆ ಗಂಡನಾಗೇ ಇರಿ.